ಅವಲಕ್ಕಿ ಡಬ್ಬಿಯ ತಳದಲ್ಲಿ

ನಾನು ಒಂದು ಸ್ಟೀಲ್ ಡಬ್ಬಿ. ನನ್ನನ್ನು ಕೊಂಡಾಗ ಕೊಟ್ಟದ್ದು ಅರವತ್ತು ರೂಪಾಯಿ. ಮುಚ್ಚಳದ ಮೇಲೆ ಹೆಸರು ಕೊರೆಸಿದ್ದಕ್ಕೆ ಬೇರೆ ಎರಡು ರೂಪಾಯಿ. ಯುರೋಪಿನ ಪೋರ್ಟೊ ಎಂಬ ಊರಿನ ಹಾಸ್ಟೆಲಿನಲ್ಲಿ ಒಂದು ಮಂಚಕ್ಕೆ ದಿನಕ್ಕೆ ಹದಿನೆಂಟು ಯೂರೋ. ಒಂದು ಕಾಫಿಗೆ ಒಂದೂವರೆ. ಮಂಚದ ಪಕ್ಕದ ಕಪಾಟು ಪುಕ್ಕಟೆ, ಆದರೆ ಅದಕ್ಕೆ ಹಾಕುವ ಬೀಗಕ್ಕೆ ಆರು ಯೂರೋ. ಈ ಆರು ಯೂರೋ ಉಳಿಸಲು ಹೋದದ್ದರಿಂದಲೇ ನನ್ನ ಬಾಳು ದಿಕ್ಕು ಬದಲಿಸಿತು.

ನಾನು ಹುಟ್ಟಿದ್ದು ಮುಂಬೈ ಕಡೆಯ ಒಂದು ಕಾರ್ಖಾನೆಯಲ್ಲಿ. ತಗಡನ್ನು ಯಂತ್ರದ ಬಾಯಿಗೆ ಕೊಟ್ಟು ಒತ್ತಿ ಗುಂಡಗೆ ಮಾಡಿದರು, ತಿಕ್ಕಿ ಹೊಳಪು ಕೊಟ್ಟರು, ಒಂದರೊಳಗೊಂದು ಕೂಡಿಸಿ ಗದಗಿನ ಪಾತ್ರೆ ಅಂಗಡಿಗೆ ಕಳಿಸಿದರು. ಅಲ್ಲಿ ನನ್ನನ್ನು ಕೊಂಡವಳು ಶಿವಗಂಗವ್ವ. ಹೆಸರು ಕೊರೆಯುವ ಸೂಜಿ ಟರ್‌ರ್ ಎಂದು ಮೈಮೇಲೆ ಓಡಿದಾಗ ನನಗೆ ಸ್ವಲ್ಪ ನೋವಾಯಿತು. ಆದರೆ ಮದುವೆ ಮನೆಗೆ ಎರವಲು ಹೋದ ಡಬ್ಬಿಗಳು ಹೆಸರಿದ್ದರೆ ಮಾತ್ರ ತಿರುಗಿ ಬರುತ್ತವೆ ಎಂಬುದು ನಮ್ಮ ಊರಿನ ಹೆಂಗಸರಿಗೆಲ್ಲ ಗೊತ್ತು.

ಶಿವಗಂಗವ್ವ ತೀರಿಕೊಂಡ ಮೇಲೆ ನಾನು ಅವಳ ಹಿರಿಮಗಳು ಬಸಲಿಂಗವ್ವನ ಪಾಲಿಗೆ ಬಂದೆ. ಬಸಲಿಂಗವ್ವ ಗದಗಿನ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವವಳು. ರೊಟ್ಟಿ ತಟ್ಟಿ ತಟ್ಟಿ ಅವಳ ಅಂಗೈ ಮರದಂತಾಗಿತ್ತು. ಬೀರುವನ್ನು ಅವಳು ನಂಬುತ್ತಿರಲಿಲ್ಲ. ಕಳ್ಳ ಬಂದವನು ಮೊದಲು ಬೀರು ಒಡೆಯುತ್ತಾನೆ, ಸಾಸಿವೆ ಡಬ್ಬಿಗೆ ಯಾರೂ ಕೈಹಾಕುವುದಿಲ್ಲ ಎನ್ನುತ್ತಿದ್ದಳು. ಹಾಗಾಗಿ ಅವಳ ಬಂಗಾರದ ಬಳೆ, ಗ್ಯಾಸಿನ ಪುಸ್ತಕ, ಅಂಗಡಿಯ ಬಾಡಿಗೆ ಎಲ್ಲವೂ ನನ್ನ ತಳದಲ್ಲಿರುತ್ತಿದ್ದವು. ಅವುಗಳ ಮೇಲೆ ಅಳತೆಗೆ ಸರಿಯಾದ ಒಂದು ತಟ್ಟೆಯನ್ನು ಬಿಗಿಯಾಗಿ ಒತ್ತಿ ಕೂರಿಸಿ, ಅದರ ಮೇಲೆ ಕಾಳು ಸುರಿಯುತ್ತಿದ್ದಳು. ನೋಡಿದವರಿಗೆ ನನ್ನ ತಳ ಅಲ್ಲಿಗೇ ಮುಗಿದಂತೆ ಕಾಣುತ್ತಿತ್ತು.

ಅವಳ ತಂಗಿ ಶಕುಂತಲಾ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು. ಖೋ ಖೋ ಹುಡುಗಿಯರನ್ನು ಕಟ್ಟಿಕೊಂಡು ರಾಜ್ಯವೆಲ್ಲ ತಿರುಗಿ, ಕಂಡ ಶಾಲೆಯ ಜಮಖಾನೆಯ ಮೇಲೆ ಮಲಗಿ ಎದ್ದವಳು. ನಿವೃತ್ತಿಯಾದ ವರ್ಷ ಅಕ್ಕನ ಮುಂದೆ ಬಂದು ಕೂತು, “ಒಂದ್ಸಲ ಯುರೋಪ್ ನೋಡೋಣಕ್ಕ. ದೊಡ್ಡ ಹೋಟೆಲ್ ಬ್ಯಾಡ. ಬೆನ್ನಿಗೊಂದು ಚೀಲ ಹಾಕ್ಕೊಂಡು ಹೋಗೋದು, ಹಾಸ್ಟೆಲ್‌ನ್ಯಾಗ ಮಲಗೋದು” ಎಂದಳು.

“ಹಾಸ್ಟೆಲ್ ಅಂದ್ರ ಕಾಲೇಜು ಹುಡುಗೂರು ಇರೋದಲ್ಲೇನ? ನನಗ ಐವತ್ತೆಂಟು. ವಾರ್ಡನ್ ಅಂತ ತಿಳ್ಕೊಂಡಾರು!” ಎಂದು ಬಸಲಿಂಗವ್ವ ನಕ್ಕಳು. ಆದರೂ ಖಾನಾವಳಿಗೆ ಕೀಲಿ ಹಾಕಿ ಹೊರಟಳು. ನನ್ನೊಳಗೆ ಹಚ್ಚಿದ ಅವಲಕ್ಕಿ ತುಂಬಿದ್ದರಿಂದ ನಾನೂ ಹೊರಟೆ.

ಪೋರ್ಟೊ ಏರು ಇಳಿತಗಳ ಊರು. ಗೋಡೆಗೆಲ್ಲ ನೀಲಿ ಟೈಲ್ಸು, ಕೆಳಗೆ ದೊಡ್ಡ ಹೊಳೆ, ಆಚೆ ಸಮುದ್ರ. ಅಕ್ಕತಂಗಿ ಹೆಂಗಸರ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ ಹಿಡಿದರು. ಕೌಂಟರಿನ ಹುಡುಗಿ ಕಪಾಟಿಗೆ ಬೀಗ ಬೇಕೆ ಎಂದು ಕೇಳಿದಳು. ಬೆಲೆ ಕೇಳಿ ಬಸಲಿಂಗವ್ವನ ಹುಬ್ಬು ಏರಿತು.

“ಒಂದು ಕೀಲಿಗೆ ಆರ್ನೂರು ರೂಪಾಯಿ? ಅಷ್ಟಕ್ಕ ನಮ್ಮೂರಾಗ ಬಾಗಲಾನ ಬರ್ತೈತಿ. ನಡಿಯವ್ವ ನೀ.”

ತಂಗಿ ಸ್ನಾನಕ್ಕೆ ಹೋದಾಗ ಅವಳು ಅವಲಕ್ಕಿಯನ್ನು ಒಂದು ಹಾಳೆಗೆ ಸುರಿದು, ಇಬ್ಬರ ಪಾಸ್‌ಪೋರ್ಟುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ತಳಕ್ಕಿಟ್ಟಳು. ತಟ್ಟೆ ಒತ್ತಿದಳು. ಮೇಲೆ ಮತ್ತೆ ಅವಲಕ್ಕಿ ತುಂಬಿದಳು. ಕೋಣೆಯಲ್ಲಿ ತಿನಿಸು ಇಡಬಾರದೆಂದು ಹೇಳಿದ್ದರು, ಅದಕ್ಕೆ ನನ್ನನ್ನು ಅಡುಗೆಮನೆಗೆ ಒಯ್ದಳು. ಅಲ್ಲಿ ಒಂದು ಹಲಗೆಯ ಮೇಲೆ ಎಲ್ಲರ ಚೀಲ, ಬಾಟಲಿಗಳಿದ್ದವು. ಒಂದೊಂದಕ್ಕೂ ಹೆಸರು ಬರೆದ ಬಿಳಿ ಚೀಟಿ ಅಂಟಿಸಿದ್ದರು. ಬಸಲಿಂಗವ್ವ ಅದನ್ನು ನೋಡಿ ಸಮಾಧಾನಪಟ್ಟಳು. ಇವರ ಹೆಸರು ಕಾಗದದ್ದು, ಒದ್ದೆಯಾದರೆ ಹೋಗುತ್ತದೆ; ನನ್ನ ಡಬ್ಬಿಯ ಹೆಸರು ಕೊರೆದದ್ದು ಎಂದುಕೊಂಡು ನನ್ನನ್ನು ಅವುಗಳ ನಡುವೆ ಇಟ್ಟು ಹೋದಳು.

ಅವರು ಊರಿಗೆ ಮರಳುವ ದಿನ ಬೆಳಿಗ್ಗೆ ಅಡುಗೆಮನೆ ಒರೆಸುವ ಹೆಂಗಸು ಬಂದಳು. ವಾರಕ್ಕೊಮ್ಮೆ ಚೀಟಿಯಿಲ್ಲದ ವಸ್ತುಗಳನ್ನೆಲ್ಲ ಕೆಳಗಿನ ಹಲಗೆಗೆ ಇಳಿಸುವುದು ಅವಳ ಕೆಲಸ. ಆ ಹಲಗೆ ಊರು ಬಿಟ್ಟವರು ಉಳಿಸಿ ಹೋದ ತಿನಿಸಿನದು. ಯಾರು ಬೇಕಾದರೂ ಒಯ್ಯಬಹುದು. ಅವಳು ನನ್ನನ್ನು ತಿರುಗಿಸಿ ನೋಡಿದಳು. ಶಿವಗಂಗವ್ವನ ಹೆಸರಿನ ಮೇಲೆ ಅವಳ ಬೆರಳು ಓಡಿತು. ಅದನ್ನು ಅವಳು ಏನೋ ಚಿತ್ತಾರ ಅಂದುಕೊಂಡಿರಬೇಕು. ಕೆಳಗಿಟ್ಟಳು.

ಸ್ವಲ್ಪ ಹೊತ್ತಿಗೆ ಎತ್ತರದ ಒಬ್ಬ ಹೆಂಗಸು ಬಂದು ಮುಚ್ಚಳ ತೆಗೆದು, ಚಿಟಿಕೆ ಅವಲಕ್ಕಿ ಬಾಯಿಗೆ ಹಾಕಿಕೊಂಡಳು. ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ಬಂತು. ಮತ್ತೊಂದು ಚಿಟಿಕೆ ತಿಂದಳು. ಮಾರ್ಟಾ ಎಂದು ಅವಳ ಹೆಸರು, ಪೋಲೆಂಡಿನವಳು. ಅಲ್ಲಿಂದ ಉತ್ತರಕ್ಕೆ, ಕಡಲ ದಂಡೆಗುಂಟ, ಯಾವುದೋ ಪುಣ್ಯಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿ. ನನ್ನನ್ನು ಬೆನ್ನಿನ ಚೀಲಕ್ಕೆ ಸೇರಿಸಿ ಬಾಗಿಲು ದಾಟಿದಳು.

ನನ್ನ ಹೊಟ್ಟೆಯಲ್ಲಿ ಇಬ್ಬರು ಊರಿಗೆ ಹೋಗುವ ದಾರಿ ಇತ್ತು. ಬೆನ್ನ ಚೀಲದ ಕತ್ತಲೆಯಲ್ಲಿ ನಾನು ಕುಲುಕುತ್ತಾ ದೂರ ದೂರ ಹೋಗುತ್ತಿದ್ದೆ. ನನಗೆ ಸದ್ದು ಮಾಡಲು ಬರುತ್ತದೆ, ಆದರೆ ಯಾರಾದರೂ ಬಡಿದರೆ ಮಾತ್ರ. ಅವಳ ನೀರಿನ ಬಾಟಲಿ ನನಗೆ ತಾಗಿದಾಗಲೆಲ್ಲ ಠಣ್ ಎಂದೆ. ಆ ಸದ್ದೇ ನನಗೆ ಮುಳುವಾಯಿತು. ಹೊಳೆ ಸಮುದ್ರ ಸೇರುವಲ್ಲಿ, ದೀಪಸ್ತಂಭದ ಹತ್ತಿರ ಅವಳು ಅದಕ್ಕೆ ಬೇಸತ್ತು ಚೀಲ ಇಳಿಸಿದಳು. ನಡೆಯುವವರಿಗೆ ಎಳ್ಳಷ್ಟು ತೂಕವೂ ಹೊರೆ. ಅವಲಕ್ಕಿಯನ್ನೆಲ್ಲ ಒಂದು ಹಗುರ ಚೀಲಕ್ಕೆ ಸುರಿದುಕೊಂಡಳು. ನನ್ನೊಳಗೆ ಇಣುಕಿದಳು. ತಟ್ಟೆ ಮಿಂಚಿತು. ಅದನ್ನೇ ತಳ ಎಂದುಕೊಂಡಳು. ನನ್ನನ್ನು ಕಟ್ಟೆಯ ಮೇಲಿಟ್ಟು, ಮುಚ್ಚಳ ಹಾಕಿ ಹೋಗಿಬಿಟ್ಟಳು.

ಆ ಕಟ್ಟೆಯ ಮೇಲೆ ಕೂತು ಗಾಳಿಗೆ ನಡುಗಿದ್ದು ನನಗೆ ಈಗಲೂ ನೆನಪಿದೆ. ಸಮುದ್ರ ಏರುತ್ತಿತ್ತು. ಅಲೆ ಬಂಡೆಗೆ ಬಡಿದು ಹನಿಗಳು ನನ್ನವರೆಗೆ ಹಾರುತ್ತಿದ್ದವು. ಅಷ್ಟರಲ್ಲಿ ಗಾಳ ಹಿಡಿದ ಮುದುಕನೊಬ್ಬ ಬಂದ. ಸೆರಾಫಿಂ ಎಂದು ಅಕ್ಕಪಕ್ಕದ ಗಾಳದವರು ಅವನನ್ನು ಕರೆಯುತ್ತಿದ್ದರು. ಅವನ ಮೀನಿನ ಎರೆಯ ಡಬ್ಬಿ ತುಕ್ಕು ತಿಂದು ತಳ ಬಿಟ್ಟಿತ್ತು. ನನ್ನನ್ನು ಎತ್ತಿ ಆಚೀಚೆ ನೋಡಿದ, ಯಾರದೆಂದು ಕೂಗಿ ಕೇಳಿದ. ಗಾಳದವರೆಲ್ಲ ತಮ್ಮದಲ್ಲವೆಂದು ತಲೆಯಾಡಿಸಿದರು. ಮೆಟ್ಟಿಲಿಳಿದು ನನ್ನನ್ನು ಉಪ್ಪುನೀರಿನಲ್ಲಿ ಅದ್ದಿದ.

ತಟ್ಟೆಯ ಅಂಚಿನಲ್ಲಿ ನೀರು ನುಸುಳಲು ನೋಡಿತು. ನಾನು ಬಿಗಿಹಿಡಿದೆ. ಬಸಲಿಂಗವ್ವನ ಮರದ ಅಂಗೈ ಒತ್ತಿದ ತಟ್ಟೆ ಅದು, ಅಲುಗಲಿಲ್ಲ. ಆದರೂ ಎರಡು ಹನಿ ಕೆಳಗಿಳಿದದ್ದು ನನಗೆ ತಿಳಿಯಿತು. ಆಮೇಲೆ ಅವನು ಕತ್ತರಿಸಿದ ಮೀನಿನ ತುಂಡುಗಳನ್ನು ನನ್ನೊಳಗೆ ಸುರಿದ. ಹುಟ್ಟಿದಾಗಿನಿಂದ ಮೊಟ್ಟೆಯ ವಾಸನೆ ಸಹ ಕಾಣದ ಡಬ್ಬಿ ನಾನು.

ಅತ್ತ ಅಕ್ಕತಂಗಿಯರ ಪಾಡು ಏನಾಯಿತೆಂಬುದು ಆಮೇಲೆ ಅವರು ನನ್ನ ಮುಂದೆಯೇ ನಿಂತು ಜಗಳವಾಡಿದಾಗ ತಿಳಿಯಿತು. ಸಂಜೆಯ ವಿಮಾನ. ಮರುದಿನ ವೀಸಾ ಮುಗಿಯುತ್ತಿತ್ತು. ನಮ್ಮ ದೇಶದ ರಾಯಭಾರ ಕಚೇರಿ ಇದ್ದದ್ದು ಬೇರೆ ಊರಿನಲ್ಲಿ, ಅದೂ ಸೋಮವಾರದವರೆಗೆ ಮುಚ್ಚಿತ್ತು. ಇನ್ನೊಂದು ಟಿಕೆಟ್ ತೆಗೆಯುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಶಕುಂತಲಾ ಗೋಡೆ ಹಿಡಿದು ಕೂತುಬಿಟ್ಟಿದ್ದಳಂತೆ. ಕೌಂಟರಿನ ಹುಡುಗಿ, ಯಾತ್ರೆಯ ಹೆಂಗಸೊಬ್ಬಳು ಡಬ್ಬಿ ಒಯ್ದದ್ದನ್ನು ಕಂಡಿದ್ದಾಗಿ ಹೇಳಿದಳಂತೆ. ಆಗ ಬಸಲಿಂಗವ್ವ ಕೇಳಿದ್ದು ಒಂದೇ ಮಾತು: ನಡೆಯುವವರೆಲ್ಲ ದಾಟಲೇಬೇಕಾದ ಜಾಗ ಯಾವುದಾದರೂ ಇದೆಯೇ? ಊರಾಚೆಯ ಬಂದರಿನ ಸೇತುವೆ ಎಂದು ಉತ್ತರ ಬಂತು. ಇಬ್ಬರೂ ಬಸ್ಸು ಹಿಡಿದು ಮುಂದೆ ಹೋಗಿ ಸೇತುವೆಯ ಬಾಯಲ್ಲಿ ನಿಂತರು. ಬೆನ್ನಿಗೆ ಚೀಲವಿದ್ದ ಪ್ರತಿಯೊಬ್ಬರನ್ನೂ ತಡೆದರು. ಕೊನೆಗೆ ಬಂದ ಮಾರ್ಟಾ, ಅಕ್ಕತಂಗಿಯರ ಮಾತು ಕೇಳಿ ಬಿಳುಪೇರಿದಳು. ತನ್ನ ಯಾತ್ರೆ ಬಿಟ್ಟು, ಡಬ್ಬಿ ಇಟ್ಟ ಜಾಗ ತೋರಿಸಲು ಅವರ ಜೊತೆ ಹಿಂದಕ್ಕೆ ಬಂದಳು.

ಇತ್ತ ಸೆರಾಫಿಂ ಗಾಳ ಸುತ್ತುತ್ತಿದ್ದ. ಅಲೆ ಹೆಚ್ಚಾಗಿತ್ತು, ಅವನು ಮನೆಗೆ ಹೊರಡುವವನು. ನನ್ನ ಮುಚ್ಚಳ ಒತ್ತಿ ಬಕೆಟ್ಟಿಗೆ ಹಾಕಿದ. ಕಟ್ಟೆಯ ತುದಿಯಲ್ಲಿ ಮೂವರು ಓಡಿ ಬರುವುದು ಕೇಳಿಸಿತು. ಆಟದ ಟೀಚರಳ ಕಾಲು ಮುಂದಿತ್ತು, ಖಾನಾವಳಿಯವಳ ಏದುಸಿರು ಹಿಂದಿತ್ತು.

“ಇಲ್ಲಿಲ್ಲಕ್ಕ! ಕಟ್ಟಿ ಮ್ಯಾಲೆ ಏನೂ ಇಲ್ಲ!” ಶಕುಂತಲಾ ಅಳು ತಡೆಯಲಾರದೆ ಕೂಗಿದಳು. “ಎಲ್ಲಾ ನಿನ್ನಿಂದ! ಆರು ಯೂರೋ ಮಾರಿ ನೋಡಿದಿ! ನನ್ನ ಪಾಸ್‌ಪೋರ್ಟ್ ಯಾಕ ಮುಟ್ಟಿದಿ? ಕೇಳಿದ್ಯೇನ ನನ್ನ?”

“ಬೈತಿದ್ರ ಬೈ, ಆದ್ರ ಹುಡುಕ್ಕೋತ ಬೈ,” ಎಂದಳು ಬಸಲಿಂಗವ್ವ. ಅವಳ ಕಣ್ಣು ಒಂದೊಂದೇ ಬಕೆಟ್ ನೋಡುತ್ತಾ ಬಂತು. ಇಡೀ ದಂಡೆಯ ಪಾತ್ರೆಗಳಲ್ಲಿ ತನ್ನ ಮನೆಯದನ್ನು ಗುರುತಿಸಲು ಅವಳಿಗೆ ಒಂದು ನೋಟ ಸಾಕು. “ಏ ಅಜ್ಜಾ, ನಿಲ್ಲೋ!” ಎಂದಳು. ಆ ಭಾಷೆ ಅವನಿಗೆ ಬರುತ್ತಿರಲಿಲ್ಲ. ಆದರೂ ನಿಂತ.

ಅವಳು ನನ್ನ ಮುಚ್ಚಳ ತೆಗೆದಳು. ಮೀನಿನ ರಕ್ತ, ಕರುಳು, ಘಾಟು ವಾಸನೆ. ಶಕುಂತಲಾ ಮೂಗು ಮುಚ್ಚಿ ಹಿಂದೆ ಸರಿದಳು. ಕೊರಳಲ್ಲಿ ಲಿಂಗ ಕಟ್ಟಿದ, ದಿನಾ ಮಡಿಯಿಂದ ಒಲೆ ಹಚ್ಚುವ ಹೆಂಗಸು ಬಸಲಿಂಗವ್ವ. ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣಿಕಟ್ಟಿನವರೆಗೆ ಕೈಯನ್ನು ಮೀನಿನೊಳಗೆ ಇಳಿಸಿದಳು. ಉಗುರಿನಿಂದ ತಟ್ಟೆಯ ಅಂಚು ಮೀಟಿದಳು. ತಟ್ಟೆ ಬರಲಿಲ್ಲ. ಇನ್ನೊಮ್ಮೆ ಮೀಟಿದಳು. ಸೆರಾಫಿಂ ತನ್ನ ಚಾಕು ಕೊಟ್ಟ. ಅದರ ತುದಿ ಇಟ್ಟು ಒತ್ತಿದಾಗ ತಟ್ಟೆ ಎದ್ದಿತು, ಮೀನಿನ ತುಂಡುಗಳು ನೆಲಕ್ಕೆ ಚೆಲ್ಲಿದವು. ಪ್ಲಾಸ್ಟಿಕ್ ಚೀಲ ಹೊರಬಂತು. ಮೂಲೆ ತುಸು ಒದ್ದೆ. ಪುಟ ಬಿಡಿಸಿದರೆ ಇಬ್ಬರ ಮುಖವೂ ಸ್ವಚ್ಛವಾಗಿತ್ತು.

ಮಾರ್ಟಾ ಅಲ್ಲಿಯೇ ಕೂತು ಅತ್ತಳು. ಬಸಲಿಂಗವ್ವ ಅವಳ ತಲೆ ಸವರಬೇಕೆಂದು ಕೈಯೆತ್ತಿದವಳು, ಕೈ ನೋಡಿಕೊಂಡು ಇಳಿಸಿದಳು. “ಅವಲಕ್ಕಿ ನೀನ ತಿನ್ನವ್ವ. ದಾರಿ ದೂರ ಐತಿ ನಿಂದು,” ಎಂದಳು. ಶಕುಂತಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಇನ್ನು ಉಳಿದವನು ಸೆರಾಫಿಂ. ಬಸಲಿಂಗವ್ವ ಒಂದು ನೋಟು ಚಾಚಿದಳು. ಅವನು ತಲೆಯಾಡಿಸಿದ. ಮತ್ತೊಂದು ಸೇರಿಸಿದಳು. ಅವನಿಗೆ ಸಿಟ್ಟು ಬಂದಂತಾಯಿತು. ನೆಲದ ಮೇಲಿನ ಮೀನಿನ ತುಂಡುಗಳನ್ನು ತೋರಿಸಿದ, ತುಕ್ಕು ಹಿಡಿದ ತನ್ನ ಹಳೆಯ ಡಬ್ಬಿ ತೋರಿಸಿದ, ಆಮೇಲೆ ಬೆರಳಿನಿಂದ ನನ್ನನ್ನು ಮೆಲ್ಲಗೆ ತಟ್ಟಿದ. ಉಪ್ಪುನೀರಿನಲ್ಲಿ ಅದ್ದಿದರೂ ನಾನು ಹೊಳೆಯುತ್ತಿದ್ದೆ. ಅವನು ಕೇಳಿದ್ದು ನನ್ನನ್ನೇ.

“ಅವ್ವನ ಡಬ್ಬಿ ಅಕ್ಕ,” ಎಂದಳು ಶಕುಂತಲಾ. “ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ವಾಸನಿ ಹೋಗ್ತೈತಿ. ಅವಗ ಬ್ಯಾರೆ ಕೊಡಿಸೋಣು.”

ಬಸಲಿಂಗವ್ವ ನನ್ನನ್ನು ಎದೆಗಾನಿಸಿ ಹಿಡಿದಿದ್ದಳು. ಅವಳ ಎದೆ ಹೊಡೆದುಕೊಳ್ಳುವುದು ನನ್ನ ತಗಡಿಗೆ ಕೇಳುತ್ತಿತ್ತು. “ವಾಸನಿ ಸಲುವಾಗಿ ಅಲ್ಲ,” ಎಂದಳು. “ಅವನು ಇದನ್ನ ಹೊಳಿಗೆ ಒಗೀಬಹುದಿತ್ತು. ಒಗೀಲಿಲ್ಲ. ಕೂಗಿದ್ರ ನಿಂತ. ಚಾಕು ಕೊಟ್ಟ. ಅವ ಕೇಳಿದ್ದು ಕೊಡಬೇಕು, ನಮಗ ಒಲ್ಲದ್ದನ್ನಲ್ಲ. ಅವ್ವ ಇದ್ದಿದ್ರ ಏನಂತಿದ್ಲು? ಡಬ್ಬಿ ಬಿಡ್ರಿ, ಮೊದಲ ಮನಿ ಮುಟ್ಟ್ರಿ ಅಂತಿದ್ಲು.”

ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. ತಟ್ಟೆಯನ್ನೂ ಕೊಟ್ಟಳು. ತಂಗಿಯ ಪಾಸ್‌ಪೋರ್ಟನ್ನು ತಂಗಿಯ ಕೈಗಿಟ್ಟಳು. “ಇನ್ನ ನಿಂದು ನೀ ಇಟ್ಕೋ,” ಎಂದಳು. ಇಬ್ಬರೂ ಬಸ್ಸಿನ ಕಡೆ ಓಡಿದರು.

ಸಂಜೆ ಒಂದು ವಿಮಾನ ಸಮುದ್ರದ ಮೇಲಿಂದ ತಿರುಗಿ ಹೋಯಿತು. ಅದರಲ್ಲಿ ಅವರಿದ್ದರು ಎಂದು ನಾನು ನಂಬಿದ್ದೇನೆ. ಇರದಿದ್ದರೆ ಬಸಲಿಂಗವ್ವ ಮರುದಿನ ಕಟ್ಟೆಗೆ ಬಂದು ಕೂರುತ್ತಿದ್ದಳು; ಬರಲಿಲ್ಲ.

ಈಗ ಹಲವು ವರ್ಷವಾಯಿತು. ಸೆರಾಫಿಮನ ಕೈ ನಡುಗುತ್ತದೆ, ಬಂಡೆ ಇಳಿಯಲು ಆಗುವುದಿಲ್ಲ. ಅವನು ಸುಮ್ಮನೆ ಕಟ್ಟೆಯ ಮೇಲೆ ಕೂರುತ್ತಾನೆ, ನಾನು ಪಕ್ಕದಲ್ಲಿ. ನನ್ನ ಮೈ ಅಲ್ಲಲ್ಲಿ ತಗ್ಗು ಬಿದ್ದಿದೆ, ಮುಚ್ಚಳ ಸಡಿಲವಾಗಿದೆ. ಮೀನಿನ ವಾಸನೆ ನನ್ನಿಂದ ಇನ್ನು ಹೋಗುವುದಿಲ್ಲ. ಅಡುಗೆಮನೆ, ಅವಲಕ್ಕಿ, ನನ್ನನ್ನು ಓದಬಲ್ಲ ಕಣ್ಣುಗಳು, ಇವೆಲ್ಲ ನನಗೆ ಇಲ್ಲವಾದವು. ಇಬ್ಬರು ಹೆಂಗಸರಿಗೆ ಅವರ ಮನೆ ಸಿಕ್ಕಿತು. ಒಬ್ಬ ಮುದುಕನಿಗೆ ತುಕ್ಕು ಹಿಡಿಯದ ಡಬ್ಬಿ ಸಿಕ್ಕಿತು.