ಬೆಂಗಳೂರಿಗೆ ಬಂದ ಅರವತ್ತೊಂದನೆಯ ಸೆಕೆಂಡು

ಬಲು ಹಿಂದಿನ ಮಾತು. ಕಾಲರಾಯನ ಊರಿನಲ್ಲಿ ನಿಮಿಷ ಎಂಬುದೊಂದು ಮನೆ. ಅಲ್ಲಿ ಅರವತ್ತು ಸೆಕೆಂಡುಗಳು ಸಾಲಾಗಿ ಊಟಕ್ಕೆ ಕೂರುತ್ತಿದ್ದವು. ಭೂಮಿತಾಯಿ ಸುತ್ತಿ ಸುತ್ತಿ ದಣಿದು ತುಸು ಹಿಂದೆ ಬಿದ್ದಾಗ, ಅವಳಿಗಾಗಿ ಕಾಯಲೆಂದು ಅರವತ್ತೊಂದನೆಯವನೊಬ್ಬ ಬರುತ್ತಿದ್ದ. ಅವನಿಗೆ ಎಲೆ ಹಾಕದಿದ್ದರೆ ಲೋಕದ ಗಡಿಯಾರಗಳೆಲ್ಲ ಜಗಳಕ್ಕೆ ಬೀಳುತ್ತಿದ್ದವು.

ಪುಟ್ಟೇನಹಳ್ಳಿಯ ಪದ್ಮಶ್ರೀ ತನ್ನ ಕೆಲಸವನ್ನು ಅಜ್ಜಿ ದೊಡ್ಡಮುನಿಯಮ್ಮನಿಗೆ ವಿವರಿಸಿದ್ದು ಹೀಗೆ. ಕಥೆ ಹೇಳಿಯೇ ಅವಳನ್ನು ಬೆಳೆಸಿದ ಅಜ್ಜಿಗೆ ಬೇರೆ ಹೇಗೆ ತಾನೆ ಹೇಳುವುದು? ಎಲ್ಲ ಆದಮೇಲೆ ಅಜ್ಜಿ ಕೇಳಿದ್ದು ಒಂದೇ.

"ಅವ್ನು ನಮ್ಮೂರ್ಗೂ ಬತ್ತಾನೇನೆ?"

"ಹೊಸ ವರ್ಷದ ಬೆಳಿಗ್ಗೆ ಐದೂವರೆಗೆ ಬರ್ತಾನೆ ಕಣಜ್ಜಿ. ತೋರಿಸ್ತೀನಿ."

ಮಾತು ಕೊಟ್ಟಾಗಿತ್ತು. ಆದರೆ ಹೆಬ್ಬಾಳದ ಆಫೀಸಿನಲ್ಲಿ ಅವಳ ತಂಡ ನೋಡಿಕೊಳ್ಳುತ್ತಿದ್ದ ಟೈಮ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳಿಗೆಲ್ಲ ಗಂಟೆ ಹೇಳುವ ಕೋಡು, ಅವನನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಹೆಚ್ಚುವರಿ ಸೆಕೆಂಡು ಬರುವುದು ಐವತ್ತೊಂಬತ್ತನೆಯ ನಿಮಿಷದ ಕೊನೆಗೆ ಮಾತ್ರ ಎಂದು ಅದನ್ನು ಬರೆದವರು ನಂಬಿದ್ದರು. ಆ ಸೆಕೆಂಡು ಲೋಕಕ್ಕೆಲ್ಲ ಒಟ್ಟಿಗೆ, ಲಂಡನ್ನಿನ ನಡುರಾತ್ರಿಗೆ ಬರುತ್ತದೆ. ಲಂಡನ್ನಿಗೆ ಆ ಲೆಕ್ಕ ಸರಿ, ಟೋಕಿಯೋಗೂ ಸರಿ. ನಾವೋ ಲಂಡನ್ನಿಗಿಂತ ಐದೂವರೆ ಗಂಟೆ ಮುಂದು. ಆ ಅರ್ಧ ಗಂಟೆಯ ದೆಸೆಯಿಂದ ಇಲ್ಲಿ ಅದು ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಬಂದು ಸೇರುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅರವತ್ತೊಂದನೆಯವನ ಅಂಕಿ ಅರವತ್ತು; 05:29:60 ಎಂದು ಕೊಟ್ಟರೆ ಲೈಬ್ರರಿ 'ತಪ್ಪು ಸಮಯ' ಎನ್ನುತ್ತಿತ್ತು.

ಪದ್ಮಶ್ರೀ ತಿದ್ದಿದಳು: ಮೊದಲು ಲಂಡನ್ ಸಮಯಕ್ಕೆ ಬದಲಿಸು, ಆಮೇಲೆ ಪರೀಕ್ಷಿಸು. ತಂಡದ ಹಿರಿಯ ಶೇಷಗಿರಿ ಒಪ್ಪಲಿಲ್ಲ. ಗಿರಾಕಿಗಳೆಲ್ಲ ಅಮೆರಿಕದವರು, ಅವರಿಗೆ ಅರ್ಧ ಗಂಟೆಯ ಗೋಜಿಲ್ಲ, ಎಲ್ಲರೂ ರಜೆಗೆ ಹೋಗುವ ಡಿಸೆಂಬರಿನಲ್ಲಿ ಕೋಡು ಮುಟ್ಟಬಾರದು, ಒಂದು ಸೆಕೆಂಡಿಗೆ ಯಾರ ಗಂಟೂ ಹೋಗುವುದಿಲ್ಲ ಎಂದರು. ಅವಳು ಬೆನ್ನು ಬಿಡಲಿಲ್ಲ. ಅಡಿಲೇಡಿನ ಅರ್ಧ ಗಂಟೆಗೂ ಕಠ್ಮಂಡುವಿನ ಮುಕ್ಕಾಲು ಗಂಟೆಗೂ ಕೋಡನ್ನು ಪರೀಕ್ಷಿಸಿ ಫಲಿತಾಂಶವನ್ನು ಅವರ ಮುಂದಿಟ್ಟಳು.

"ಏನಾದ್ರೂ ಕೆಟ್ರೆ ನಿನ್ ಹೆಸ್ರೇ ಹೇಳ್ತೀನಮ್ಮ," ಎಂದು ಕೊನೆಗೆ ಒಪ್ಪಿದರು.

"ಹೇಳಿ ಸರ್. ಕೆಡ್ಲಿಲ್ಲ ಅಂದ್ರೂ ನನ್ ಹೆಸ್ರೇ ಹೇಳಿ."

2017ರ ಮೊದಲ ಬೆಳಿಗ್ಗೆ ಅಜ್ಜಿ ಶಾಲು ಹೊದ್ದು ಲ್ಯಾಪ್‌ಟಾಪಿನ ಮುಂದೆ ಕೂತಳು. ಆಫೀಸಿನ ಗಡಿಯಾರ ಉಪಗ್ರಹದಿಂದ ಪಡೆದ ಸಮಯವನ್ನು ಹೊಸ ಲೈಬ್ರರಿ ಪರದೆಗೆ ತರುತ್ತಿತ್ತು. ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಕಲಿತಿದ್ದ ಅಜ್ಜಿ ಗಟ್ಟಿಯಾಗಿಯೇ ಓದುತ್ತಿದ್ದಳು. ಐವತ್ತೆಂಟು. ಐವತ್ತೊಂಬತ್ತು.

05:29:60.

"ಅರ್ವತ್ತು," ಎಂದಳು ಅಜ್ಜಿ. ಅಷ್ಟರಲ್ಲಿ 05:30:00 ಆಗಿತ್ತು. 'ತಪ್ಪು ಸಮಯ' ಎಂಬುದು ಎಲ್ಲೂ ಕಾಣಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಜ್ಜಿ." ಪದ್ಮಶ್ರೀ ನೆಟ್ಟಗೆ ಕೂತಳು. "ಅವ್ನನ್ನ ನಮ್ಮೂರೊಳಗೆ ಬಿಟ್ಟಿದ್ದು ನಿನ್ ಮೊಮ್ಮಗಳು."