ಹಾಲುಹಲ್ಲು ಬೀಳುವ ತನಕ

ಒದ್ದೆ ಜಮಖಾನೆಯನ್ನು ಒಬ್ಬಳೇ ಹಿಂಡಲಾಗುವುದಿಲ್ಲ. ಆ ಬೆಳಿಗ್ಗೆ ಅದರ ಒಂದು ತುದಿಯನ್ನು ಹಿತ್ತಿಲ ಕಂಬಕ್ಕೆ ಸುತ್ತಿ, ಇನ್ನೊಂದನ್ನು ತಿರುಚುತ್ತ ಏದುಸಿರು ಬಿಡುತ್ತಿದ್ದೆ. ಯಾರೋ ಕಂಬದಿಂದ ಆ ತುದಿಯನ್ನು ಬಿಡಿಸಿಕೊಂಡರು. ನೋಡಿದರೆ ನನ್ನ ಅಕ್ಕ ತುಂಗಕ್ಕ. ಮುಖ ಗೋಡೆಯ ಕಡೆ, ಕೈ ಜಮಖಾನೆಯ ಮೇಲೆ. ಇಬ್ಬರೂ ತಿರುಚಿದೆವು. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

"ಕುಮುದಾ," ಎಂದು ಅಕ್ಕ ಒಳಗಿದ್ದ ನನ್ನ ಮಗಳನ್ನು ಕೂಗಿದಳು. "ನಿಮ್ಮಮ್ಮಂಗೆ ಹೇಳು, ಸೋಪು ಇನ್ನೂ ಹೋಗಿಲ್ಲ ಅಂತ."

ನಮ್ಮ ಕೇರಿಯ ಕಟ್ಟಳೆ ಅದು. ಕೇರಿ ಬಿಟ್ಟು ಹೋದವರೊಡನೆ ಒಳಗಿನವರು ಮಾತಾಡುವಂತಿಲ್ಲ. ಆದರೆ ಹಾಲುಹಲ್ಲು ಬೀಳದ ಮಕ್ಕಳು ಕಟ್ಟಳೆಯ ಲೆಕ್ಕಕ್ಕಿಲ್ಲ. ಅವರ ಮೂಲಕ ಹೇಳಿ ಕಳಿಸಿದರೆ ಅದು ಮಾತಲ್ಲ.

ಮೈನೆರೆದ ಹುಡುಗಿಯರನ್ನು ಕೇರಿಯಲ್ಲಿ ಶಾಲೆಗೆ ಕಳಿಸುವುದಿಲ್ಲ. ನನ್ನ ಮಗಳು ಹಾಗಾಗಬಾರದೆಂದು, ಅವಳು ತೊಟ್ಟಿಲಲ್ಲಿರುವಾಗಲೇ ನಾನೂ ನನ್ನ ಗಂಡನೂ ಹೊರಬಿದ್ದೆವು. ನಾವೆಲ್ಲ ಬದುಕಲಿಲ್ಲವೇ ಎಂದು ಅಕ್ಕ ಕೇಳಿದ್ದಳು. ಅವಳು ನನಗೆ ನೇರವಾಗಿ ಆಡಿದ ಕೊನೆಯ ಮಾತು ಅದೇ. ಕುಮುದಳಿಗೆ ಮಾತು ಬಂದದ್ದೇ ತಡ, ಅಕ್ಕ ಹಿತ್ತಿಲಿಗೆ ಬರತೊಡಗಿದಳು. ಬಂದಾಗಲೆಲ್ಲ ಮಗುವಿನ ಬಾಯಲ್ಲಿ ನನ್ನನ್ನು ಬೈದು ಹೋಗುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಂತೆ, ನಾನು ಇಳಿದುಹೋಗಿದ್ದೇನಂತೆ, ಮಗುವಿಗೆ ಎಣ್ಣೆ ಹಚ್ಚಲು ನನಗೆ ಬರುವುದಿಲ್ಲವಂತೆ. ಒಮ್ಮೆ ನನ್ನ ಬೆನ್ನ ಹಿಂದೆ ಹಾಲು ಉಕ್ಕುತ್ತಿತ್ತು. ಪಕ್ಕದಲ್ಲೇ ಇದ್ದವಳು ನನಗೆ ಹೇಳಬಹುದಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಕೂಗಿದಳು. ಮಗು ಓಡಿಬರುವಷ್ಟರಲ್ಲಿ ಒಲೆಯೇ ಆರಿಹೋಗಿತ್ತು. ಇಂಥವಳ ಜೊತೆ ಯಾರಾದರೂ ಹೇಗೆ ಏಗಬೇಕು?

"ನಿನ್ನ ದೊಡ್ಡಮ್ಮಂಗೆ ಹೇಳು, ಸೋಪು ನನಗೂ ಕಾಣ್ತದೆ ಅಂತ," ಎಂದೆ.

ಕುಮುದ ಬಾಗಿಲಲ್ಲಿ ನಿಂತು, ತುಟಿ ಬಿಗಿಹಿಡಿದು, ಗೊಣಗುತ್ತ ಒಪ್ಪಿಸಿದಳು. ಹಾಗೆ ಮಾಡಲು ಹೇಳಿಕೊಟ್ಟವಳು ನಾನೇ. ಹಿಂದಿನ ದಿನವಷ್ಟೇ ಅವಳ ಕೆಳಗಿನ ಹಲ್ಲೊಂದು ಬಿದ್ದಿತ್ತು. ದೊಡ್ಡಮ್ಮನ ಮುಂದೆ ಬಾಯಿ ಬಿಟ್ಟು ನಗಬೇಡ ಎಂದು ಎಚ್ಚರಿಸಿದ್ದೆ. ಹಲ್ಲು ಬಿದ್ದದ್ದು ಗೊತ್ತಾದರೆ ಅಕ್ಕ ಈ ಹಿತ್ತಿಲಿಗೆ ಮತ್ತೆ ಬರುವುದಿಲ್ಲ. ಕೇರಿಯ ಕಟ್ಟಳೆಗಳನ್ನು ಕಂಡರೆ ಸಿಡುಕುತ್ತಿದ್ದ ನಾನು ಅದೇ ಕಟ್ಟಳೆಗೆ ಹೆದರಿ ಮಗುವಿನ ಬಾಯಿ ಮುಚ್ಚಿಸಿದ್ದೆ. ಗೋಡೆ ನೋಡಿಕೊಂಡು ಕೂರುವವಳಿಗೆ ಏನು ಕಾಣುತ್ತದೆ ಎಂಬ ಧೈರ್ಯವೂ ಇತ್ತು.

ಜಮಖಾನೆ ಹರವಿ ಅಕ್ಕ ಕಟ್ಟೆಯ ಮೇಲೆ ಕೂತಳು. ಸೆರಗಿನ ಗಂಟಿನಿಂದ ಕೋಡುಬಳೆ ತೆಗೆದು ಮಗುವಿಗೆ ಕೊಟ್ಟಳು. ಕುಮುದ ಅದನ್ನು ತಿರುಗಿಸಿ ಮುರುಗಿಸಿ, ಕೊನೆಗೆ ದವಡೆಗೆ ಸಿಕ್ಕಿಸಿಕೊಂಡು ಕಡಿದಳು. ಅಕ್ಕನ ಕೈ ಅವಳ ಗಲ್ಲಕ್ಕೆ ಹೋಯಿತು.

"ಎಲ್ಲಿ, ಆ ಅನ್ನು."

ಮಗು ನನ್ನತ್ತ ನೋಡಿತು. ನಾನು ಬಕೆಟ್ಟಿನತ್ತ ನೋಡಿದೆ. ಬಾಯಿ ತೆರೆಯಿತು.

ಅಕ್ಕ ಹಲ್ಲಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. ನನಗೆ ರೇಗಿಹೋಯಿತು.

"ಅಕ್ಕಾ, ಒಂದು ಹಲ್ಲು ತಾನೇ ಬಿದ್ದದ್ದು," ಎಂದೆ, ನೇರವಾಗಿ.

ಅವಳು ತಿರುಗಲಿಲ್ಲ. ಎದ್ದು ಸೀರೆಯ ನೆರಿಗೆ ಕೊಡವಿದಳು. ಏನೋ ಹೇಳಲು ರೂಢಿಯಂತೆ ಮಗುವಿನ ಕಡೆ ಬಾಗಿದವಳು ಅಲ್ಲೇ ತಡೆದು ನಿಂತಳು. ನಾವಿಬ್ಬರೂ ದೊಡ್ಡವರು. ಅವಳು ಹಿತ್ತಿಲ ಬಾಗಿಲ ಕಡೆ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ.

ಕುಮುದ ಅಕ್ಕನ ಸೆರಗು ಹಿಡಿದುಕೊಂಡಳು. ಈ ಸಲ ತುಟಿ ಬಿಗಿಯಲಿಲ್ಲ. ಎಲ್ಲ ಹಲ್ಲೂ ಕಾಣುವ ಹಾಗೆ, ಒಂದು ಕಾಣದ ಹಾಗೆ, ಕೇಳಿಯೇಬಿಟ್ಟಳು:

"ದೊಡ್ಡಮ್ಮಾ, ಇನ್ನು ನನ್ನ ಹತ್ರನೂ ಮಾತಾಡಲ್ವಾ?"