ಮೇಜರ್ ಕಿವಿಗೆ ಬಿದ್ದ ಹೂಂ

ನನ್ನ ಮಗಳು ಮಧುರಾ ಸೈನ್ಯ ಬಿಟ್ಟು ಓಡಿಬಂದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಮೆರಿಕದ ಈ ಸ್ಟರ್ಲಿಂಗ್ ಊರಿನ ನಮ್ಮ ಕನ್ನಡದವರಲ್ಲಿ ಅರ್ಧ ಜನ ಹಾಗೆಂದೇ ನಂಬಿ ಕೂತಿದ್ದಾರೆ. ಸೈನ್ಯದ ಸ್ಕಾಲರ್‌ಶಿಪ್ ಸಿಕ್ಕಿ ಸೌತ್ ಕೆರೊಲಿನಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಫೀಸೆಲ್ಲ ಅವರದು, ಓದು ಮುಗಿದ ಮೇಲೆ ಆಫೀಸರ್ ಆಗಿ ದುಡಿಯುವುದು ಇವಳದು. ಎರಡನೇ ವರ್ಷ ತರಬೇತಿಯಲ್ಲಿ ಬೆನ್ನ ಮೇಲೆ ಭಾರ ಹೊತ್ತು ಓಡುವಾಗ ಹಳ್ಳಕ್ಕೆ ಬಿದ್ದಳು, ಮಂಡಿ ತಿರುಚಿತು. ಆಪರೇಷನ್ ಆದ ಮೇಲೂ ಅದು ಸರಿಹೋಗಲಿಲ್ಲ. ಈ ಮಂಡಿ ಸೈನ್ಯಕ್ಕೆ ಆಗುವುದಿಲ್ಲ ಎಂದು ಹೇಳಿದ್ದು ಅವರದೇ ಡಾಕ್ಟರು. ಅವಳು ಅತ್ತಿದ್ದು ನೋವಿಗಲ್ಲ, ಯೂನಿಫಾರ್ಮ್ ವಾಪಸು ಕೊಡಬೇಕಲ್ಲ ಎಂದು.

ಆಮೇಲೆ ಬಿಲ್ ಬಂತು. ಮಧುರಾ ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾಳೆ, ಆದ್ದರಿಂದ ಇಲ್ಲಿಯವರೆಗಿನ ಫೀಸನ್ನೆಲ್ಲ ವಾಪಸು ಕಟ್ಟಬೇಕು ಎಂದು. ನನ್ನ ಮೈಯೆಲ್ಲ ಉರಿದುಹೋಯಿತು. ದುಡ್ಡೇನೂ ಸಣ್ಣದಲ್ಲ, ಆದರೆ ಮಗಳನ್ನು ಚುಚ್ಚಿದ್ದು ಆ ‘ಸ್ವಂತ ಇಚ್ಛೆ’.

“ಗೌರ್ನಮೆಂಟ್ ಜೊತೆ ಫೈಟ್ ಮಾಡೋಕಾಗುತ್ತಾ ವರಲಕ್ಷ್ಮಿ? ಇನ್‌ಸ್ಟಾಲ್‌ಮೆಂಟಲ್ಲಿ ಪೇ ಮಾಡಿಬಿಡೋಣ,” ಎಂದರು ನನ್ನ ಗಂಡ ಮುರಳೀಧರ.

“ನೀವು ಸುಮ್ನಿರ್ರೀ,” ಎಂದೆ. ಯಾರು ಏನಂದರೂ ಕೋಲೆಬಸವನ ಹಾಗೆ ತಲೆಯಾಡಿಸುವ ಮನುಷ್ಯ, ಒಳ್ಳೆಯವರೇ, ಆದರೆ ಜಗಳಕ್ಕೆ ಉಪಯೋಗವಿಲ್ಲ.

ಮಧುರಾ ಅಪೀಲು ಮಾಡಿದಳು. ವಿಚಾರಣೆ ವಿಡಿಯೋದಲ್ಲೇ ನಡೆಯಿತು. ನಮ್ಮ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಅವಳು, ಕ್ಯಾಮೆರಾಕ್ಕೆ ಕಾಣದ ಹಾಗೆ ಆಚೀಚೆ ನಾವಿಬ್ಬರು. “ಅಮ್ಮ, ಪ್ರಾಮಿಸ್ ಮಿ. ನೀನು ಏನೂ ಮಾತಾಡಬಾರದು,” ಎಂದು ಅವಳು ಮೊದಲೇ ಭಾಷೆ ತೆಗೆದುಕೊಂಡಿದ್ದಳು. ಕೊಟ್ಟಿದ್ದೆ, ಕೊಡುವಾಗಲೇ ನನಗೆ ಅನುಮಾನವಿತ್ತು.

ತರಬೇತಿಯ ಮೇಜರ್ ಮೊದಲು ಮಾತಾಡಿದ. ಮರ್ಯಾದಸ್ಥನೇ. “ಅವಳನ್ನು ನನ್ನ ಆಫೀಸಿಗೆ ಕರೆದು ಸಮಾಧಾನವಾಗಿ ಮಾತಾಡಿದೆ. ಮನೆಗೆ ಹೋಗುವುದರಲ್ಲಿ ನಾಚಿಕೆಯೇನಿಲ್ಲ ಎಂದೆ. ಹೋಗುವುದು ನಿನ್ನದೇ ನಿರ್ಧಾರ ತಾನೇ ಎಂದೆ. ಯೆಸ್ ಸರ್ ಎಂದಳು. ಇನ್ನೊಮ್ಮೆ ಕೇಳಿದೆ, ಆಗಲೂ ಯೆಸ್ ಸರ್ ಎಂದಳು. ಹಾಗಾಗಿ ಸ್ವಂತ ಇಚ್ಛೆ ಎಂದು ಬರೆದೆ.”

ನನಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ನಮ್ಮಲ್ಲಿ ದೊಡ್ಡವರು ಮಾತಾಡುವಾಗ ಹೂಂ ಅನ್ನಬೇಕು. ಹೂಂ ಅಂದರೆ ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ. ಮೈಸೂರಿನಿಂದ ನಮ್ಮಮ್ಮ ಫೋನಿನಲ್ಲಿ ಮಾತಾಡುವಾಗ ಈ ಕಡೆಯಿಂದ ಹೂಂ ಬರದಿದ್ದರೆ, “ಏನೇ, ಲೈನ್ ಹೋಯ್ತಾ?” ಎಂದು ರೇಗುತ್ತಾರೆ. ಮಗಳಿಗೆ ಅದನ್ನು ಕಲಿಸಿದವಳು ನಾನೇ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅವಳು ಆ ಹೂಂ ಅನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದಳು.

ಮಧುರಾ ಇದನ್ನೇ ಹೇಳಿದಳು. ಮೇಜರ್ ಮೆಲ್ಲಗೆ ನಕ್ಕ. ಯೆಸ್ ಅಂದರೆ ಯೆಸ್ ಎನ್ನುವ ನಗು ಅದು, ನೋಡಿ ಹಲ್ಲು ಕಡಿದೆ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನರೆಗೂದಲಿನ ಹೆಂಗಸು. ನಿಯಮಗಳನ್ನು ಒಂದೊಂದಾಗಿ ಬಿಡಿಸಿ ಹೇಳತೊಡಗಿದಳು. ಅವಳ ಪ್ರತಿ ಮಾತಿಗೂ ನನ್ನ ಮಗಳು “ಯೆಸ್ ಮ್ಯಾಮ್”. ಅದೇ ದನಿಯಲ್ಲಿ, ಅದೇ ಓಟದಲ್ಲಿ ಆಕೆ ಕೇಳಿದಳು: “ಹಾಗಾದರೆ ಮೇಜರ್ ಹೇಳಿದ್ದು ಸರಿ ಎಂದು ನೀವು ಒಪ್ಪುತ್ತೀರಿ?”

“ಯೆಸ್ ಮ್ಯಾಮ್.”

ಮುರಳೀಧರ ತಲೆಯ ಮೇಲೆ ಕೈ ಹೊತ್ತರು. ನಾನು ಭಾಷೆ ಕೊಟ್ಟದ್ದನ್ನು ಮರೆತು ಕ್ಯಾಮೆರಾಕ್ಕೆ ಅಡ್ಡ ನುಗ್ಗಿದೆ. “ಅಯ್ಯೋ, ಹೂಂ ಅನ್ಬೇಡ್ವೇ!”

“ಅದು ಯಾರು?” ಎಂದಳು ಅಧಿಕಾರಿ.

“ನಮ್ಮಮ್ಮ,” ಎಂದಳು ಮಧುರಾ. ಅವಳ ಮುಖ ಕೆಂಪಾಗಿತ್ತು. ಒಂದು ಉಸಿರು ಎಳೆದುಕೊಂಡಳು, ಆಮೇಲೆ ದನಿಯೇ ಬೇರೆಯಾಯಿತು. “ಮ್ಯಾಮ್, ಈಗ ಕೇಳಿದಿರಲ್ಲ, ಇದೇ ಆ ಯೆಸ್. ಮೇಜರ್ ಹೇಳಿದ್ದು ತಪ್ಪು ಅನ್ನೋದಕ್ಕೇ ನಾನು ಇಲ್ಲಿ ಕೂತಿರೋದು. ಆದರೂ ನೀವು ಹೇಳ್ತಾ ಹೋದಿರಿ, ನಾನು ಯೆಸ್ ಅಂತಾ ಹೋದೆ. ನಾನು ಒಪ್ಪಿದೆ ಅಂತ ನಿಮಗೆ ನಿಜವಾಗಲೂ ಅನ್ನಿಸುತ್ತಾ?”

ಆಕೆ ಕನ್ನಡಕ ತೆಗೆದಿಟ್ಟಳು. ಮೇಜರ್‌ನನ್ನು ಉದ್ದೇಶಿಸಿ, ಮನೆಗೆ ಹೋಗುತ್ತೇನೆ ಎಂದು ಈ ಹುಡುಗಿ ತನ್ನ ಬಾಯಿಂದ ಒಂದು ಸಲವಾದರೂ ಹೇಳಿದ್ದಳೇ ಎಂದು ಕೇಳಿದಳು. ಅವನು ಸುಳ್ಳು ಹೇಳುವವನಲ್ಲ, ಅದನ್ನು ಒಪ್ಪಬೇಕು.

“ಇಲ್ಲ,” ಎಂದ.

ಗೆದ್ದೆವು ಎಂದುಕೊಂಡೆ. ಆದರೆ ಆಕೆ ಇನ್ನೊಂದು ದಾರಿ ತೆಗೆದಳು. ದಾಖಲೆಯಲ್ಲಿ ‘ಸ್ವಂತ ಇಚ್ಛೆ’ ಎಂಬ ಮಾತು ಹಾಗೇ ಇರಲು ಬಿಟ್ಟರೆ ಅರ್ಧ ಸಾಲ ಮನ್ನಾ ಮಾಡಲು ಇವತ್ತೇ ಶಿಫಾರಸು ಮಾಡುತ್ತಾಳಂತೆ. ಬೇಡವೆಂದರೆ ಕೇಸು ಮೇಲಿನವರಿಗೆ ಹೋಗುತ್ತದೆ, ಅವರು ಏನು ಮಾಡುತ್ತಾರೋ ಆಕೆಗೂ ಗೊತ್ತಿಲ್ಲ, ಪೂರ್ತಿ ಸಾಲ ತಲೆಯ ಮೇಲೆ ಬಂದರೂ ಬರಬಹುದು.

“ಹೂಂ ಅನ್ನು ಪುಟ್ಟಿ, ಮುಗಿದುಹೋಗಲಿ,” ಎಂದು ಮುರಳೀಧರ ಪಿಸುಗುಟ್ಟಿದರು. ಅವರನ್ನೇಕೆ ಬೈಯಲಿ? ಅರ್ಧ ಎಂದು ಕೇಳಿದಾಗ ನನ್ನ ಮನಸ್ಸೂ ಓಲಾಡಿತು. ಮನೆಯ ಕಂತು ಇತ್ತು, ಇವರ ಕೆಲಸ ಉಳಿಯುವ ಭರವಸೆ ಇರಲಿಲ್ಲ.

“ನಾನು ಹೇಳಿದ್ದು ಅರ್ಥವಾಯಿತೇ?” ಎಂದಳು ಅಧಿಕಾರಿ.

ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅಪ್ಪನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

“ಅರ್ಥ ಆಯಿತು ಮ್ಯಾಮ್. ಒಪ್ಪಿಗೆ ಇಲ್ಲ.”

ರೆಕಾರ್ಡಿಗಾಗಿ ಇನ್ನೊಮ್ಮೆ ಹೇಳಿ ಎಂದಳು ಆಕೆ. ಮಧುರಾ ಹೇಳಿದಳು, ಮೊದಲಿಗಿಂತ ಗಟ್ಟಿಯಾಗಿ.